ಛತ್ರದ ಕಾಲೇಜನ್ನು ವಿಚಾರಿಸಿಕೊಂಡು ಬಂದ ಮಳೆಗಾಲ

ನನ್ನ ನೆನಪಿನಲ್ಲಿ ಒಬ್ಬ ಹುಡುಗಿ ಆಸ್ಪತ್ರೆಯ ನಲ್ಲಿಯ ಕೆಳಗೆ ಕೈ ತೊಳೆಯುತ್ತಿದ್ದಾಳೆ. ಎರಡು ಜಡೆ, ಮುಂಗೈ ತುಂಬ ಹಸಿರು ಗಾಜಿನ ಬಳೆ. ಬಳೆಗಳ ಮೇಲಿಂದ ಸೋಪಿನ ನೊರೆ ಇಳಿಯುವುದು ಕೂಡ ನನಗೆ ಕಾಣುತ್ತದೆ. ಆದರೆ ಅದು ಹಾಗೆ ಇದ್ದಿರಲಾರದು. ವಾರ್ಡಿನಲ್ಲಿ ಕೆಲಸ ಮಾಡುವ ನರ್ಸಿಂಗ್ ಹುಡುಗಿಯರು ಬಳೆ ತೊಡುವಂತಿಲ್ಲ, ಜಡೆ ಇಳಿಬಿಡುವಂತಿಲ್ಲ. ಕೂದಲನ್ನು ಎತ್ತಿ ಗಂಟು ಹಾಕಿರಬೇಕು. ಇದನ್ನು ನನಗೆ ಹೇಳಿದವಳು ನನ್ನ ತಮ್ಮನ ಮಗಳು ಸಿಂಧು. ಹಾಗಾದರೆ ಆ ಬಳೆ ತೊಡಿಸಿದವಳು ನಾನೇ ಇರಬೇಕು. ಕಾಲೇಜಿನಲ್ಲಿ ಇತಿಹಾಸ ಹೇಳಿಕೊಡುವವಳು ನಾನು. ಕಣ್ಣಾರೆ ಕಂಡೆ ಎನ್ನುವವರ ಮಾತನ್ನು ಎಷ್ಟು ನಂಬಬೇಕು, ಎಲ್ಲಿ ಅನುಮಾನಿಸಬೇಕು ಎಂದು ಪ್ರತಿ ವರ್ಷ ಹೊಸ ತರಗತಿಗೆ ಹೇಳುತ್ತೇನೆ. ಈ ಬರಹದಲ್ಲಿ ಅಂಥ ಬಳೆಗಳು ಇನ್ನೂ ಎಷ್ಟಿವೆಯೋ ನನಗೆ ಗೊತ್ತಿಲ್ಲ. ಸಿಂಧುವನ್ನು ಕಾಲೇಜಿಗೆ ಸೇರಿಸಿದ ವರ್ಷ ನಾನು ದಿನಚರಿಯನ್ನೂ ಸರಿಯಾಗಿ ಬರೆಯಲಿಲ್ಲ. ಮಳೆ ಬಂತು, ಕರೆಂಟು ಹೋಯಿತು ಎನ್ನುವುದರ ಆಚೆಗೆ ಅದರಲ್ಲಿ ಏನೂ ಇಲ್ಲ.

ಇದೆಲ್ಲ ಮತ್ತೆ ನೆನಪಾದದ್ದು ಒಂದು ವಾಸನೆಯಿಂದ. ಕಳೆದ ತಿಂಗಳು ಸಿಂಧುವಿನ ನರ್ಸಿಂಗ್ ಕಾಲೇಜಿನಲ್ಲಿ ಪೋಷಕರ ಸಭೆ ಇತ್ತು. ಅಂಗಡಿ ಬಿಟ್ಟು ಬರಲಾಗುವುದಿಲ್ಲ ಎಂದು ತಮ್ಮ ರಘು ನನ್ನನ್ನು ಕಳಿಸಿದ. ವಿಶ್ವೇಶ್ವರಪುರದ ಆ ಕಟ್ಟಡ ಮೊದಲು ಮದುವೆ ಛತ್ರವಾಗಿತ್ತು. ಬಾಗಿಲು ದಾಟುತ್ತಲೇ ಸ್ಪಿರಿಟ್ಟು, ಫಿನಾಯಿಲು, ಒಗೆದ ಬಿಳಿ ಬಟ್ಟೆಯ ವಾಸನೆ. ಅದರ ಅಡಿಯಲ್ಲಿ, ಗೋಡೆಯೊಳಗೆ ಇಳಿದು ಕೂತಂತೆ, ಹುಳಿಯ ಒಗ್ಗರಣೆಯ ಇಂಗು. ಇಷ್ಟು ವರ್ಷ ಇಂಗು ಉಳಿದಿರಲು ಸಾಧ್ಯವೇ? ನಾನು ಮೂಗು ಎಳೆದು ನೋಡಿದೆ, ಇತ್ತು. ಪಕ್ಕದಲ್ಲಿ ಕೂತಿದ್ದ ತಾಯಿಯನ್ನು ಕೇಳಿದರೆ, "ನಂಗೇನೂ ಬರ್ತಿಲ್ಲ ಮೇಡಂ, ನೆಗಡಿ" ಎಂದರು. ರಘುವಿನ ಮದುವೆ ಆದದ್ದು ಅದೇ ಛತ್ರದಲ್ಲಿ ಎಂದು ನಾನು ಇವತ್ತಿಗೂ ನಂಬಿದ್ದೇನೆ. ಅವನು, "ಇಲ್ಲ ಕಣಕ್ಕಾ, ಅದು ಹಿಂದಿನ ರಸ್ತೇದು. ಮದುವೆ ಆಗಿದ್ದು ನಾನು, ನನಗೆ ಗೊತ್ತಿಲ್ವಾ?" ಎನ್ನುತ್ತಾನೆ.

ನಮ್ಮದು ಬಸವನಗುಡಿಯಲ್ಲಿ ಮನೆ. ಕೆಳಗೆ ನಾನೂ ನನ್ನ ಸರೋಜ ಚಿಕ್ಕಮ್ಮನೂ, ಮೇಲೆ ರಘುವಿನ ಸಂಸಾರ. ಚಿಕ್ಕಮ್ಮ ನನ್ನ ಅಮ್ಮನ ತಂಗಿ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು. ರಘುವಿಗೆ ನಗರ್ತಪೇಟೆಯಲ್ಲಿ ಗುಂಡಿ, ಜಿಪ್ಪು, ಲೇಸುಗಳ ಸಗಟು ಅಂಗಡಿ. ಆ ವರ್ಷ ಸಿಂಧು ಎರಡನೇ ಪಿಯುಸಿ ಸೈನ್ಸ್ ಮುಗಿಸಿದ್ದಳು. ಡಾಕ್ಟರಾಗುವಷ್ಟು ಅಂಕ ಬಂದಿರಲಿಲ್ಲ. ಬರುತ್ತದೆಂದು ಅವಳು ಯಾವತ್ತೂ ಹೇಳಿಯೂ ಇರಲಿಲ್ಲ. ಅವಳು ಕೇಳಿದ್ದು ಬಿ.ಎಸ್ಸಿ. ನರ್ಸಿಂಗ್. ಸರ್ಕಾರಿ ಕಾಲೇಜಿನ ಸೀಟು ಸಿಗಲಿಲ್ಲ. ಹೆಸರಿರುವ ಖಾಸಗಿ ಕಾಲೇಜುಗಳು ನಮ್ಮ ಕೈಗೆಟುಕುವಂಥವಲ್ಲ. ಉಳಿದದ್ದು ಛತ್ರದ ಕಟ್ಟಡದಲ್ಲಿ ಹೊಸದಾಗಿ ಶುರುವಾಗಿದ್ದ ಈ ಕಾಲೇಜು. ಅಲ್ಲಿ ಸೇರಿದ ಮೊದಲ ಗುಂಪು ಇನ್ನೂ ಎರಡನೇ ವರ್ಷದಲ್ಲಿತ್ತು. ಓದಿ ಹೊರಗೆ ಬಂದವರು ಒಬ್ಬರೂ ಇಲ್ಲ. ಯಾರನ್ನು ಕೇಳುವುದು?

"ಛತ್ರ ಅಂದ್ರೆ ಊಟ ಮಾಡಿ, ಎಲೆ ಎತ್ತಿ, ಬೀಗದ ಕೈ ಕೊಟ್ಟು ಹೋಗೋ ಜಾಗ ಕಣಕ್ಕಾ. ಅಲ್ಲಿ ನಾಲ್ಕು ವರ್ಷ ಕಾಲೇಜು ನಿಲ್ಲುತ್ತಾ?" ಎಂದ ರಘು.

ಅವನ ಭಯಕ್ಕೆ ಕಾರಣವಿತ್ತು. ಯೂನಿಫಾರ್ಮ್ ಹೊಲಿಯುವ ದರ್ಜಿಯೊಬ್ಬ ಅಂಗಡಿಗೆ ಗುಂಡಿ ಕೊಳ್ಳಲು ಬಂದವನು ಹೇಳಿದ್ದನಂತೆ: ಕೆಲವು ಹೊಸ ನರ್ಸಿಂಗ್ ಕಾಲೇಜುಗಳಲ್ಲಿ ಹುಡುಗಿಯರಿಗೆ ಯೂನಿಫಾರ್ಮ್ ಹೊಲಿಸುತ್ತಾರೆ, ಇನ್‌ಸ್ಪೆಕ್ಷನ್ ದಿನ ಮಾತ್ರ ಹಾಕಿಸುತ್ತಾರೆ, ಮಿಕ್ಕ ದಿನ ಹಾಜರಿ ಪುಸ್ತಕದಲ್ಲಷ್ಟೇ ಹುಡುಗಿಯರು ಇರುತ್ತಾರೆ. ರಘು ಇದನ್ನು ಊಟಕ್ಕೆ ಕೂತಾಗ ಹೇಳಿದ. ಸಿಂಧು ತಟ್ಟೆ ನೋಡುತ್ತಲೇ ಕೇಳಿಸಿಕೊಂಡಳು.

ನನ್ನ ಅಮ್ಮ ಕೊನೆಗಾಲದಲ್ಲಿ ಹಾಸಿಗೆ ಹಿಡಿದಾಗ ಅವರನ್ನು ನೋಡಿಕೊಂಡವಳು ಇವಳು. ಆಗ ಹೈಸ್ಕೂಲು. ನಾವು ದೊಡ್ಡವರೆಲ್ಲ ಸೇರಿ ಅಮ್ಮನನ್ನು ಪಕ್ಕಕ್ಕೆ ಹೊರಳಿಸಿದರೆ ಅಮ್ಮ ನರಳುತ್ತಿದ್ದರು. ಸಿಂಧು ಒಬ್ಬಳೇ ಮೊಣಕಾಲು ಮಡಿಸಿ, ಭುಜದ ಹಿಂದೆ ಕೈ ಕೊಟ್ಟು, "ಅಜ್ಜಿ, ಈಗ" ಎಂದರೆ ಅಮ್ಮ ಸದ್ದಿಲ್ಲದೆ ತಿರುಗುತ್ತಿದ್ದರು. ಯಾರೂ ಹೇಳಿಕೊಟ್ಟದ್ದಲ್ಲ. ಬೆನ್ನು ಹುಣ್ಣಾಗದೆ ಅಮ್ಮ ಹೋದರು. ಅದೊಂದು ಸಮಾಧಾನ ನಮಗೆಲ್ಲ ಉಳಿದದ್ದು ಅವಳಿಂದ.

ಆ ಸಂಜೆ ಅವಳು ಕೆಳಗೆ ನನ್ನ ಹತ್ತಿರ ಬಂದಳು. ಹೊರಗೆ ಮಳೆ, ಬೀದಿಯ ಗಣಪತಿ ಪೆಂಡಾಲಿನ ಹಾಡು ಮಳೆಯಲ್ಲಿ ನೆನೆದು ಬರುತ್ತಿತ್ತು.

"ಅಪ್ಪ ಹೇಳೋದು ತಪ್ಪಲ್ಲ ಅತ್ತೆ. ಕೈಗೆ ಕೆಲಸ ಬರದೆ ಬರೀ ಸರ್ಟಿಫಿಕೇಟ್ ಬಂದ್ರೆ ನಾನು ಯಾರ ಹತ್ರ ಹೋಗಿ ಏನ್ ಮಾಡ್ಲಿ? ಆದ್ರೆ ಅದು ಅಂಥ ಕಾಲೇಜೇ ಅಂತ ಯಾರು ನೋಡ್ಕೊಂಡ್ ಬಂದ್ರು?"

"ನಿಂಗೆ ಬೇರೆ ಏನೂ ಇಷ್ಟ ಇಲ್ವಾ ಪುಟ್ಟಿ?"

"ಇಷ್ಟ ಅಂತಲ್ಲ. ನನಗೆ ಬರೋದು ಇದೊಂದೇ."

ಅಷ್ಟು ಹೇಳಿ ಎದ್ದು ಹೋದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಮಾರನೆಯ ದಿನ ರಘು ತೀರ್ಪನ್ನು ನನ್ನ ತಲೆಗೆ ಕಟ್ಟಿದ. "ಅಕ್ಕಾ, ನೀನು ಕಾಲೇಜಲ್ಲಿ ಇರೋಳು. ನೀನು ಹೂಂ ಅಂದ್ರೆ ಸೇರಿಸ್ತೀನಿ. ಊಹೂಂ ಅಂದ್ರೆ ಮಲ್ಲೇಶ್ವರದಲ್ಲಿ ನಿಮ್ಮ ಕಾಲೇಜಲ್ಲೇ ಬಿಕಾಂ. ನಿನ್ ಜೊತೇಲೇ ಹೋಗಿ ನಿನ್ ಜೊತೇಲೇ ಬರ್ತಾಳೆ."

ನಾನು ನನಗೆ ಗೊತ್ತಿದ್ದ ರೀತಿಯಲ್ಲಿ ಹುಡುಕಿದೆ. ನರ್ಸಿಂಗ್ ಕೌನ್ಸಿಲಿನ ಮಾನ್ಯತೆ ಇತ್ತು. ವಿಶ್ವವಿದ್ಯಾಲಯದ ಸಂಯೋಜನೆ ಇತ್ತು. ಅಧ್ಯಾಪಕರ ಹೆಸರುಗಳಿದ್ದವು. ಕಾಗದವೆಲ್ಲ ಸರಿ. ಆದರೆ ಇಷ್ಟು ವರ್ಷ ಒಂದು ಕಾಲೇಜಿನ ಒಳಗೇ ಇದ್ದು, ಕಾಗದ ಸರಿಯಾಗಿರುವ ಕಾಲೇಜಿನಲ್ಲಿ ಏನೇನು ಸರಿಯಿಲ್ಲದೆ ಇರಬಹುದೆಂದು ನನಗೆ ಗೊತ್ತಿತ್ತು. ಕಾಲೇಜಿನ ಪರಿಚಯ ಪತ್ರದಲ್ಲಿ ದಪ್ಪ ಅಕ್ಷರದಲ್ಲಿ "ಪೇರೆಂಟ್ ಹಾಸ್ಪಿಟಲ್ ಇದೆ" ಎಂದಿತ್ತು.

ರಘು ಮೊದಲ ಸಲ ಸ್ವಲ್ಪ ಮೆತ್ತಗಾದ. "ಪೇರೆಂಟ್ಸ್‌ಗೆ ಅಂತಲೇ ಆಸ್ಪತ್ರೆ ಮಡಗಿದಾರಾ? ಫ್ರೀನಾ?"

"ಹೆತ್ತೋರಿಗಲ್ಲ ಕಣೋ. ಕಾಲೇಜಿಗೆ ಸೇರಿದ ಆಸ್ಪತ್ರೆ ಅಂತ. ಹುಡುಗೀರು ಅಲ್ಲಿ ಹೋಗಿ ಕೆಲಸ ಕಲೀಬೇಕು."

"ಅದಕ್ಕೆ ಪೇರೆಂಟ್ ಅಂತ ಯಾಕೆ ಹೆಸರು? ಸುಮ್ನೆ ಆಸೆ ಹುಟ್ಟಿಸ್ತಾರೆ."

ಇದನ್ನೆಲ್ಲ ಕೇಳಿಸಿಕೊಳ್ಳುತ್ತ ಸೊಪ್ಪು ಬಿಡಿಸುತ್ತಿದ್ದ ಚಿಕ್ಕಮ್ಮ, "ಒಂದ್ ಸಲ ವಿಚಾರಿಸ್ಕೊಂಡು ಬಂದ್ಬಿಡೋಣ ನಡಿ ವತ್ಸಲಾ" ಎಂದರು.

ನಮ್ಮ ಮನೆಯಲ್ಲಿ "ವಿಚಾರಿಸಿಕೊಂಡು ಬರುವುದು" ಎಂದರೆ ಒಂದೇ ಅರ್ಥ. ಹುಡುಗಿಗೆ ಸಂಬಂಧ ಬಂದಾಗ, ಒಪ್ಪುವ ಮೊದಲು, ಗಂಡಿನ ಮನೆಯವರು ಎಂಥವರೆಂದು ಅವರಿಗೆ ಹೇಳದೆ ಕೇಳದೆ ತಿಳಿದುಕೊಂಡು ಬರುವುದು. ಬಂಧುಬಳಗದಲ್ಲಿ ಆ ಕೆಲಸಕ್ಕೆ ಚಿಕ್ಕಮ್ಮನೇ ಆಗಬೇಕಿತ್ತು. ಅವರಿಗೆ ಮದುವೆಯಾಗಲಿಲ್ಲ, ಉಳಿದವರ ಮದುವೆಯನ್ನೆಲ್ಲ ಅವರೇ ತೂಗಿ ನೋಡಿದರು. ಅವರದೊಂದು ಪರೀಕ್ಷೆ ಇತ್ತು.

"ಹಾಲ್ ನೋಡ್ಬಾರ್ದು, ಸೋಫಾ ನೋಡ್ಬಾರ್ದು, ಕಾಫಿ ಲೋಟ ನೋಡ್ಬಾರ್ದು. ಆ ಮನೇಲಿ ಆಗ್ಲೇ ಒಬ್ಳು ಸೊಸೆ ಇದ್ರೆ, ಅವಳನ್ನ ಏನಂತ ಕೂಗ್ತಾರೆ ಕೇಳಿಸ್ಕೋಬೇಕು. 'ಏ ಇವ್ಳೇ' ಅಂತ ಕೂಗೋ ಮನೆಗೆ ಹೆಣ್ಣು ಕೊಡಬಾರ್ದು. ಹೆಸರು ಹಿಡಿದು ಬೈಯೋ ಮನೆ ಆದ್ರೂ ಪರವಾಗಿಲ್ಲ. ಹೆಸರು ಗೊತ್ತಿದೆ ಅಂದ್ರೆ ಅವಳು ಆ ಮನೇಲಿ ಇದಾಳೆ ಅಂತ."

ನನಗೆ ನಗು ಬಂತು, ಸ್ವಲ್ಪ ನಾಚಿಕೆಯೂ ಆಯಿತು. ಎಂ.ಎ. ಮಾಡಿದವಳು, ಕಾಲೇಜೊಂದನ್ನು ಗಂಡಿನ ಮನೆಯಂತೆ ಅಳೆಯಲು ಹೊರಟಿದ್ದೇನಲ್ಲ ಎಂದು. ಆದರೆ ನನ್ನ ಬಳಿ ಬೇರೆ ಅಳತೆಗೋಲು ಇರಲಿಲ್ಲ.

ಮೊದಲು ಕಾಲೇಜಿಗೆ ಹೋದೆವು. ಮೋಡ ಮುಚ್ಚಿದ ಬೆಳಗ್ಗೆ. ಹಸೆಮಣೆ ಇಡುವ ವೇದಿಕೆಯ ಮೇಲೆ ಈಗ ಕಬ್ಬಿಣದ ಮಂಚ, ಅದರ ಮೇಲೆ ಕುತ್ತಿಗೆಯ ತನಕ ಹೊದಿಕೆ ಹೊದ್ದ ಪ್ಲಾಸ್ಟಿಕ್ ಬೊಂಬೆ. ಊಟದ ಹಾಲ್ ತರಗತಿಯಾಗಿತ್ತು. ಒಂದು ಕೋಣೆಯ ಬಾಗಿಲ ಮೇಲೆ "ವಧುವಿನ ಕೋಣೆ" ಎಂದು ಬಣ್ಣದಲ್ಲಿ ಬರೆದದ್ದು ಹಾಗೇ ಇತ್ತು; ಅದರ ಕೆಳಗೆ ಕಾಗದ ಅಂಟಿಸಿ "ವೈಸ್ ಪ್ರಿನ್ಸಿಪಾಲ್" ಎಂದು ಬರೆದಿದ್ದರು. ಒಳಗೆ ಐವತ್ತರ ಆಸುಪಾಸಿನ ಹೆಂಗಸು, ಗಂಟಲು ಜೋರು, ದಾವಣಗೆರೆ ಕಡೆಯ ಮಾತು.

ನಾನು ಬಾಯಿ ತೆರೆಯುವ ಮೊದಲೇ ಚಿಕ್ಕಮ್ಮ ಶುರು ಮಾಡಿದರು. "ಹುಡುಗೀರು ಯಾವ ಕಡೆಯೋರಮ್ಮಾ?"

"ಎಲ್ಲಾ ಕಡೆಯವರೂ ಅದಾರ."

"ಸ್ವಭಾವ ಹೇಗೆ? ಸಾಯಂಕಾಲ ಎಷ್ಟೊತ್ತಿಗೆ ವಾಪಸ್ ಬರ್ತಾರೆ? ಊಟ ತಿಂಡಿ ಎಲ್ಲಾ ಅಚ್ಚುಕಟ್ಟಾಗಿ ಮಾಡ್ತಾರಾ?"

ಆಕೆ ಪೆನ್ನು ಕೆಳಗಿಟ್ಟರು. "ನಿಮ್ಮ ಹುಡುಗ ಏನ್ ಮಾಡ್ತಾನ?"

"ಯಾವ ಹುಡುಗ?"

"ನೋಡ್ರಿ ಅಮ್ಮಾರ, ಹೋದ ತಿಂಗಳೂ ಹಿಂಗ ಒಬ್ರು ಬಂದಿದ್ರು. ಫಾರಿನ್‌ಗೆ ಹೋಗೋ ನರ್ಸೇ ಬೇಕಂತ ಅವರ ಮಗಗ. ನಮ್ಮ ಹುಡುಗೀರು ಇನ್ನೂ ಓದಾಕ ಹತ್ತ್ಯಾರ. ಹೆಣ್ಣು ನೋಡಾಕ ಇದು ಛತ್ರ ಅಲ್ಲ."

"ಛತ್ರವೇ ಆಗಿತ್ತಲ್ಲಮ್ಮಾ" ಎಂದುಬಿಟ್ಟರು ಚಿಕ್ಕಮ್ಮ.

ನಾನು ನಡುವೆ ಬಿದ್ದು, ಹೆಣ್ಣು ನೋಡಲಿಕ್ಕಲ್ಲ, ನಮ್ಮ ಹೆಣ್ಣನ್ನು ಸೇರಿಸಲಿಕ್ಕೆ ಎಂದು ಬಿಡಿಸಿ ಹೇಳುವಷ್ಟರಲ್ಲಿ ನನ್ನ ಮುಖವೆಲ್ಲ ಬಿಸಿಯಾಗಿತ್ತು. ಆಕೆ ಟೇಬಲ್ ಕುಟ್ಟಿ ನಕ್ಕರು. ಆಮೇಲೆ ಗಂಭೀರವಾಗಿ, ಎರಡನೇ ವರ್ಷದವರು ದಿನಾ ಬೆಳಗ್ಗೆ ಚಾಮರಾಜಪೇಟೆಯ ಆಸ್ಪತ್ರೆಯ ವಾರ್ಡಿಗೆ ಹೋಗುತ್ತಾರೆ, ಹೊಸ ಕಾಲೇಜು, ಕುಂದು ಕೊರತೆ ಇವೆ, ಲೈಬ್ರರಿ ಇನ್ನೂ ಆಗಬೇಕು ಎಂದೆಲ್ಲ ಹೇಳಿದರು. ಕೊರತೆ ಒಪ್ಪಿಕೊಂಡರು ಎನ್ನುವುದು ನನಗೆ ಹಿಡಿಸಿತು. ಹೊರಗೆ ಬಂದ ಮೇಲೆ ಚಿಕ್ಕಮ್ಮ, "ನಮ್ಮನ್ನ ಓಡಿಸೋಕೆ ನೋಡಿದ್ಳು ಅಲ್ವಾ? ಒಳ್ಳೇದು. ಆದ್ರೆ ಇದು ಬರೀ ಹಾಲ್, ಸೋಫಾ. ಅಡುಗೆಮನೆ ಇರೋದು ಆಸ್ಪತ್ರೇಲಿ" ಎಂದರು.

ಆಸ್ಪತ್ರೆಗೆ ಹೋಗಲು ಅವರ ಮಂಡಿನೋವು ನೆಪವಾಯಿತು. ಅದು ಟ್ರಸ್ಟಿನವರು ನಡೆಸುವ ಮಧ್ಯಮ ಗಾತ್ರದ ಆಸ್ಪತ್ರೆ. ಮೂಳೆ ಡಾಕ್ಟರ ಕೋಣೆಯ ಎದುರಿಗೇ ಹೆಂಗಸರ ವಾರ್ಡು, ಅದರ ಹೊರಗೆ ಉದ್ದದ ಬೆಂಚು. ನಾವು ಬೆಂಚಿನ ಮೇಲೆ ಕೂತೆವು. ವಾರ್ಡಿನ ಬಾಗಿಲಲ್ಲಿ ಮೂವರು ಹುಡುಗಿಯರು, ಎದೆಯ ಮೇಲೆ ಅದೇ ಕಾಲೇಜಿನ ಬ್ಯಾಡ್ಜು, ಗೋಡೆಗೊರಗಿ ಒಂದೇ ಫೋನನ್ನು ಮೂವರೂ ನೋಡುತ್ತಿದ್ದರು. ಒಳಗಿಂದ ದಪ್ಪನೆಯ ಸಿಸ್ಟರ್ ಒಬ್ಬರು ಟ್ರಾಲಿ ತಳ್ಳಿಕೊಂಡು ಬಂದು, "ಏ ಸ್ಟೂಡೆಂಟ್ಸ್, ದಾರಿ ಬಿಡ್ರಿ" ಎಂದರು. ಹುಡುಗಿಯರು ದಾರಿ ಬಿಟ್ಟರು. ಮತ್ತೆ ಫೋನು ನೋಡಿದರು.

ಚಿಕ್ಕಮ್ಮ ನನ್ನ ಮುಖ ನೋಡಲಿಲ್ಲ. ನಾನೂ ನೋಡಲಿಲ್ಲ. ಡಾಕ್ಟರು ಮಂಡಿ ಒತ್ತಿ ನೋಡಿ ತೂಕ ಇಳಿಸಬೇಕೆಂದರು.

ಆಟೋದಲ್ಲಿ ನಾನು ಹೇಳಿದೆ, "ಬೇಡ ಅಂತ ರಘುಗೆ ಹೇಳ್ಬಿಡ್ತೀನಿ." ಸಿಂಧು ನಮ್ಮ ಕಾಲೇಜಿನ ಬಿಕಾಂ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕೂತು ಕಿಟಕಿಯಾಚೆ ನೋಡುವುದು ಕಣ್ಣಿಗೆ ಕಟ್ಟಿತು. ದಿನಾ ಅದೇ ಬಸ್ಸಿನಲ್ಲಿ ನನ್ನ ಪಕ್ಕ ಕೂತು, ಒಂದೂ ಮಾತಾಡದೆ ಬರುವುದು.

"ಒಂದೇ ಸಲ ನೋಡಿ ಯಾವ ಸಂಬಂಧಾನೂ ಬಿಟ್ಟಿಲ್ಲ ನಾನು. ಮನೆಯೋರಿಗೂ ಒಂದೊಂದು ದಿನ ತಲೆನೋವಿರುತ್ತೆ. ಇನ್ನೊಂದ್ಸಲ ಬರೋಣ" ಎಂದರು ಚಿಕ್ಕಮ್ಮ.

"ಮತ್ತೆ ಮಂಡಿ ತೋರಿಸ್ತೀರಾ?"

"ಇನ್ನೊಂದು ಮಂಡಿ ಇಲ್ವಾ?"

ಎರಡನೆಯ ಸಲ ಹೋದದ್ದು ಆ ವಾರದಲ್ಲೋ ಮುಂದಿನ ವಾರದಲ್ಲೋ, ಸರಿಯಾಗಿ ಹೇಳಲಾರೆ. ಬೆಳಗ್ಗೆಯೇ ಮಳೆ ಹಿಡಿದಿತ್ತು ಎನ್ನುವುದು ಮಾತ್ರ ಖಚಿತ. ಚಾಮರಾಜಪೇಟೆಯ ಅಡ್ಡರಸ್ತೆಗಳಲ್ಲಿ ನೀರು ನಿಂತು ಆಟೋದವನು ಆಸ್ಪತ್ರೆಯ ಮುಂದಿನ ತಿರುವಿನಲ್ಲೇ ಇಳಿಸಿ ಹೋದ. ಕಾಲೇಜಿಗೆ ಸೇರಲು ಕೊನೆಯ ದಿನ ಹತ್ತಿರ ಬಂದಿತ್ತು. ರಘು ಅವತ್ತು ಬೆಳಗ್ಗೆ, "ಏನಾದ್ರೂ ಒಂದು ಹೇಳಕ್ಕಾ, ಆ ಹುಡುಗಿ ಊಟ ಸರಿಯಾಗಿ ಮಾಡ್ತಿಲ್ಲ" ಎಂದಿದ್ದ. ನಾನು ಚಿಕ್ಕಮ್ಮನನ್ನು ಅದೇ ಬೆಂಚಿನ ಮೇಲೆ ಕೂರಿಸಿ ಚೀಟಿ ಮಾಡಿಸಲು ಕೆಳಗೆ ಹೋದೆ. ಕೌಂಟರಿನಲ್ಲಿ ಸಾಲು ಉದ್ದ. ಮಳೆಗೆ ನೆನೆದ ಕೊಡೆಗಳಿಂದ ನೆಲವೆಲ್ಲ ನೀರು.

ನಾನು ಮೇಲೆ ಬರುವಷ್ಟರಲ್ಲಿ ಚಿಕ್ಕಮ್ಮ ಬೆಂಚಿನಿಂದ ಎದ್ದು ನಿಂತಿದ್ದರು. ಮುಖ ಅರಳಿತ್ತು.

"ಕೇಳಿಸ್ತಾ?"

"ಏನು?"

"ಬೈದ್ರು ಕಣೇ! ಆ ದಪ್ಪ ಸಿಸ್ಟರು. 'ಪುಟ್ಟಮ್ಮಾ, ಕೈ ತೊಳ್ಕೊಂಡ್ಯಾ? ಅದು ತೊಳ್ಕೊಳ್ಳೋದಾ? ಹೋಗು, ಮತ್ತೆ ತೊಳ್ಕೊಂಡ್ ಬಾ' ಅಂತ. ಹೆಸರು ಹಿಡಿದು ಬೈದ್ರು. ಇಡೀ ವಾರ್ಡಿಗೆ ಕೇಳೋ ಹಾಗೆ. ಸಾಕು, ನಡಿ ಹೋಗೋಣ."

"ಮಂಡಿ?"

"ಮಂಡಿಗೇನಾಗಿದೆ?"

ನಾನು ಬಾಗಿಲಲ್ಲಿ ಇಣುಕಿದೆ. ವಾರ್ಡಿನ ಮೂಲೆಯ ನಲ್ಲಿಯಲ್ಲಿ ಒಬ್ಬ ಹುಡುಗಿ ಕೈ ತೊಳೆಯುತ್ತಿದ್ದಳು. ಬೆರಳ ಸಂದು, ಉಗುರ ಬುಡ, ಮಣಿಕಟ್ಟು. ಪಕ್ಕದಲ್ಲಿ ಆ ಸಿಸ್ಟರ್ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡುತ್ತಿದ್ದರು. ಹುಡುಗಿ ಮುಗಿಸಿ ಕೈ ಎತ್ತಿ ತೋರಿಸಿದಳು. ಸಿಸ್ಟರ್ ಗೋಣು ಆಡಿಸಿದರು. ಇಬ್ಬರೂ ಸೇರಿ ಒಬ್ಬ ಮುದುಕಿಯ ಹಾಸಿಗೆಯ ಕಡೆಗೆ ಹೋದರು. ಇದಿಷ್ಟು ನಾನು ನೋಡಿದ್ದು ಎಂದು ನಂಬಿದ್ದೇನೆ. ಹುಡುಗಿಯ ಮುಖ ಕಾಣಲಿಲ್ಲ, ಬೆನ್ನು ಮಾತ್ರ.

ಸಂಜೆ ರಘುವಿಗೆ ಹೂಂ ಎಂದೆ. ಅವನು ಯಾಕೆ, ಏನು ನೋಡಿದೆ ಎಂದು ಕೇಳಿದ. ಪುಟ್ಟಮ್ಮ ಎನ್ನುವ ಹುಡುಗಿಯ ಕತೆ ಹೇಳಿದೆ. "ಈ ಕಾಲದಲ್ಲಿ ಪುಟ್ಟಮ್ಮ ಅಂತ ಹೆಸರಿಡ್ತಾರಾ?" ಎಂದ. "ಮಂಡ್ಯ ಕಡೆ ಹಳ್ಳಿ ಹುಡುಗಿ ಇರ್ಬೇಕು, ಅವರಜ್ಜಿ ಹೆಸರಿರ್ಬೇಕು" ಎಂದೆ. ಎಲ್ಲಿಂದ ಬಂತೋ ಆ ಮಾತು. ಆದರೆ ಹಳ್ಳಿಯಿಂದ ಬಂದ ಹುಡುಗಿಯ ಹೆಸರು ಕೂಡ ವಾರ್ಡಿನ ಸಿಸ್ಟರಿಗೆ ಗೊತ್ತಿದೆ, ಅವಳು ಕೈ ತೊಳೆಯುವುದನ್ನು ನಿಂತು ನೋಡುತ್ತಾರೆ ಎಂದಾಗ ರಘು, "ಸರಿ ಹಾಗಾದ್ರೆ" ಎಂದ. ಮೇಲೆ ಮೆಟ್ಟಿಲ ಬಳಿ ಯಾರೋ ಧಡಧಡನೆ ಓಡಿದ ಸದ್ದು. ಸಿಂಧು ಕೇಳಿಸಿಕೊಳ್ಳುತ್ತ ನಿಂತಿದ್ದಳು. ಅಂದು ರಾತ್ರಿ ಅವಳು ಹುಳಿಯನ್ನವನ್ನು ಎರಡು ಸಲ ಬಡಿಸಿಕೊಂಡಳು ಎಂದು ಅವಳ ಅಮ್ಮ ಹೇಳಿದಳು.

ಸೇರಿಸಲು ಹೋದ ದಿನ ಆ ವೈಸ್ ಪ್ರಿನ್ಸಿಪಾಲ್ ಚಿಕ್ಕಮ್ಮನನ್ನು ನೋಡಿ ಎದ್ದು ನಿಂತು, "ಬರ್ರಿ ಬೀಗರ" ಎಂದರು. ಕೆಲಸ ಮುಗಿಸಿ ತಿಂಡಿ ಬೀದಿಗೆ ಹೋಗಿ ಬಿಸಿ ಹೋಳಿಗೆ ತಿಂದೆವು. ಚಿಕ್ಕಮ್ಮ, "ಈ ಮದುವೆ ಊಟ ಇಷ್ಟಕ್ಕೇ ಮುಗೀತಾ?" ಎಂದು ಎರಡನೆಯದನ್ನೂ ತರಿಸಿದರು. ಮಳೆ ನಿಂತು ರಸ್ತೆಯಲ್ಲೆಲ್ಲ ಎಳೆ ಬಿಸಿಲು. ಈ ಬಿಸಿಲು ನಿಜವಾಗಿ ಇತ್ತೋ, ನನ್ನ ಮನಸ್ಸಿನ ನಿರಾಳಕ್ಕೆ ನಾನೇ ಹಚ್ಚಿದ ಬಣ್ಣವೋ, ಈಗ ಹೇಳುವುದು ಕಷ್ಟ.

ಆಮೇಲಿನ ವರ್ಷಗಳು ಸಲೀಸಾಗಿ ಹೋದವು ಎಂದರೆ ಪೂರ್ತಿ ನಿಜವಲ್ಲ. ಮೊದಲ ವರ್ಷ ಒಬ್ಬ ಅಧ್ಯಾಪಕಿ ನಡುವೆಯೇ ಬಿಟ್ಟುಹೋಗಿ ಒಂದು ವಿಷಯ ಹಾಗೇ ಉಳಿದಿತ್ತು. ಲೈಬ್ರರಿಗೆ ಪುಸ್ತಕ ಬಂದದ್ದು ಬಹಳ ತಡವಾಗಿ. ಅಲ್ಲಿಯ ತನಕ ಸಿಂಧು ನನ್ನ ಕಾಲೇಜಿನ ಗೆಳತಿಯರ ಮೂಲಕ ಬೇರೆ ಕಡೆಯಿಂದ ತರಿಸಿಕೊಂಡು ಓದಿದಳು. ಆದರೆ ವಾರ್ಡು ತಪ್ಪಲಿಲ್ಲ. ಯೂನಿಫಾರ್ಮು ದಿನಾ ಒಗೆತಕ್ಕೆ ಬಿತ್ತು, ಮಳೆಗಾಲದಲ್ಲಿ ಒಣಗದೆ ನ್ಯೂಸ್ ಪೇಪರಿನ ಮೇಲೆ ಹರಡಿ ಫ್ಯಾನ್ ಹಾಕಿದೆವು. ಅಂಗಡಿಗೆ ಮತ್ತೆ ಬಂದ ಆ ದರ್ಜಿಗೆ ರಘು ಹೇಳಿದನಂತೆ, "ನಮ್ಮ ಮಗಳ ಯೂನಿಫಾರ್ಮ್ ತೋಳು ಸವೆದು ಹೋಗಿದೆ ಗುರು, ಇನ್ನೊಂದು ಹೊಲಿ." ಅದನ್ನು ಮನೆಗೆ ಬಂದು ನನಗೆ ಹೇಳುವಾಗ ಅವನ ದನಿಯಲ್ಲಿದ್ದ ಹೆಮ್ಮೆ ನನಗೆ ಸಾಕಾಯಿತು. ನಾನು ಹೂಂ ಎಂದದ್ದು ತಪ್ಪಾಗಲಿಲ್ಲ. ಬೆಳಗ್ಗೆ ಅವಳು ಗೇಟು ತೆಗೆದು ಓಡುವ ಸದ್ದು ಕೇಳಿದಾಗಲೆಲ್ಲ ಆ ನಿರಾಳ ನನಗೆ ಹೊಸದಾಗಿ ಬರುತ್ತದೆ.

ಆ ಕತೆಯನ್ನು ನಾನು ಎಷ್ಟೋ ಜನರಿಗೆ ಹೇಳಿದೆ. ಸ್ಟಾಫ್ ರೂಮಿನಲ್ಲಿ, ಮದುವೆ ಮನೆಗಳಲ್ಲಿ, ಮಕ್ಕಳನ್ನು ಎಲ್ಲಿ ಸೇರಿಸಲಿ ಎಂದು ಕೇಳಿದವರಿಗೆಲ್ಲ. ಹೇಳುತ್ತ ಹೇಳುತ್ತ ಆ ಬೈಗುಳವನ್ನು ನಾನೇ ಬೆಂಚಿನ ಮೇಲೆ ಕೂತು ಕೇಳಿಸಿಕೊಂಡಂತೆ ಆಗಿಬಿಟ್ಟಿತ್ತು. ಪುಟ್ಟಮ್ಮನಿಗೆ ಜಡೆ ಬಂತು, ಬಳೆ ಬಂತು.

ಮೊನ್ನೆ ಭಾನುವಾರ ಸಿಂಧು ಡ್ಯೂಟಿಗೆ ಹೊರಡುವ ಮೊದಲು ಕೆಳಗೆ ಬಂದಳು. ಈಗ ಅವಳದು ಕೊನೆಯ ವರ್ಷ. ಚಿಕ್ಕಮ್ಮನಿಗೆ ಕಣ್ಣಿನ ಪೊರೆ ತೆಗೆಸಿದೆ. ಹನಿ ಔಷಧಿ ಹಾಕುವುದು ಅವಳ ಪಾಲಿನ ಕೆಲಸ. ಕೈ ತೊಳೆದು ಬಂದು, ಚಿಕ್ಕಮ್ಮನ ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು, "ಮೇಲೆ ನೋಡಿ ಸರೋಜಜ್ಜಿ, ಫ್ಯಾನ್ ನೋಡಿ" ಎಂದು ಒಂದು ಹನಿ ಬಿಟ್ಟಳು. ಅವಳು ಕೈ ತೊಳೆದದ್ದು ನೋಡಿ ನನಗೆ ನೆನಪಾಯಿತು.

"ಸಿಂಧು, ನಿಮ್ಮ ಸೀನಿಯರ್ ಪುಟ್ಟಮ್ಮ ಪಾಸಾಗಿ ಹೋಗಿರ್ಬೇಕಲ್ವಾ? ಎಲ್ಲಿ ಕೆಲಸ ಸಿಕ್ತು ಅವಳಿಗೆ?"

"ಯಾವ ಪುಟ್ಟಮ್ಮ?"

"ಅದೇ, ಮೊದಲನೇ ಬ್ಯಾಚಿನೋಳು. ಹೆಂಗಸರ ವಾರ್ಡಲ್ಲಿ ಇದ್ಳಲ್ಲ, ಕೈ ತೊಳ್ಕೊಂಡಿಲ್ಲ ಅಂತ ಬೈಸ್ಕೊಂಡೋಳು."

ಸಿಂಧು ಔಷಧಿಯ ಮುಚ್ಚಳ ಹಾಕುತ್ತಿದ್ದವಳು ನಿಂತಳು. ಆಮೇಲೆ ನಗಲು ಶುರು ಮಾಡಿದಳು. ನಕ್ಕು ನಕ್ಕು ಮಂಚದ ಅಂಚಿಗೆ ಕೂತಳು.

"ಅಯ್ಯೋ ಅತ್ತೆ! ಪುಟ್ಟಮ್ಮ ಅಂತ ಯಾರೂ ಇಲ್ಲ. ಆ ವಾರ್ಡಿನ ಸಿಸ್ಟರು ಎಲ್ಲರಿಗೂ ಪುಟ್ಟಮ್ಮ ಅಂತಲೇ ಅನ್ನೋದು. ನಾನೂ ಪುಟ್ಟಮ್ಮನೇ, ಕೇರಳದ ಹುಡುಗೀರೂ ಪುಟ್ಟಮ್ಮನೇ, ಹೊಸ ಡಾಕ್ಟ್ರೂ ಪುಟ್ಟಮ್ಮನೇ. ಅದೂ ಬೈಯೋವಾಗ ಮಾತ್ರ. ಪುಟ್ಟಮ್ಮಾ ಅಂದ್ರೆ ಕೈ ಮತ್ತೆ ತೊಳೀಬೇಕು ಅಂತ ಅರ್ಥ. ಮಿಕ್ಕ ಹೊತ್ತೆಲ್ಲಾ ಸ್ಟೂಡೆಂಟ್ಸ್ ಅಂತಾರೆ. ಯಾರ ಹೆಸರೂ ಅವರಿಗೆ ನೆನಪಿರಲ್ಲ. ಶುರುವಿನಿಂದ್ಲೂ ಹಂಗೇ."

ನಾನು ಚಿಕ್ಕಮ್ಮನ ಕಡೆ ನೋಡಿದೆ. ಹನಿ ಬಿದ್ದ ಕಣ್ಣನ್ನು ಮುಚ್ಚಿಕೊಂಡು, ಇನ್ನೊಂದನ್ನೂ ಮುಚ್ಚಿಕೊಂಡು ಮಲಗಿದ್ದರು.

"ಯಾಕತ್ತೆ, ಏನಾಯ್ತು?" ಎಂದಳು ಸಿಂಧು.

"ಏನಿಲ್ಲ, ಹೋಗು, ಬಸ್ಸು ತಪ್ಪುತ್ತೆ" ಎಂದೆ. ಅವಳು ಬ್ಯಾಗು ಹೆಗಲಿಗೆ ಹಾಕಿಕೊಂಡು ಓಡಿದಳು. ಬಾಗಿಲಲ್ಲಿ ಇನ್ನೊಮ್ಮೆ "ಪುಟ್ಟಮ್ಮ!" ಎಂದು ತನ್ನಷ್ಟಕ್ಕೆ ನಕ್ಕದ್ದು ಕೇಳಿಸಿತು.

ನಾನು ಕುರ್ಚಿಯಲ್ಲಿ ಕೂತು ಲೆಕ್ಕ ಹಾಕಿದೆ. ಚಿಕ್ಕಮ್ಮನ ಪರೀಕ್ಷೆಯ ಪ್ರಕಾರ ಆ ಕಾಲೇಜು ಫೇಲಾಗಿತ್ತು. ಎರಡು ಸಲವೂ ಫೇಲಾಗಿತ್ತು. ನಾವು ಪಾಸು ಮಾಡಿದ್ದು ಇಲ್ಲದ ಒಂದು ಹೆಸರಿನ ಮೇಲೆ. ಆದರೂ ಹುಡುಗಿಯ ಕೈ ಎರಡನೆಯ ಸಲ ತೊಳೆಸಿದ್ದು ನಿಜ. ಹೆದರಿಕೆ ಆಗಬೇಕಿತ್ತು, ಆಗಲಿಲ್ಲ. ಒಳಗೊಳಗೇ ನಗು ಬಂತು. ಆ ನಗುವಿನ ಬೆನ್ನಿಗೇ ಇನ್ನೊಂದು ಯೋಚನೆ ಬಂತು. ಚಿಕ್ಕಮ್ಮ ಮೂವತ್ತು ಚಿಲ್ಲರೆ ವರ್ಷ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಊರೂರಿನ ದನಿ ಕೇಳಿದವರು. ಯಾರು ಹೆಸರು ಹಿಡಿದು ಕರೆಯುತ್ತಾರೆ, ಯಾರು ಬಾಯಿಗೆ ಬಂದದ್ದನ್ನು ಕರೆಯುತ್ತಾರೆ ಎನ್ನುವುದು ಅವರಿಗೆ ಒಂದು "ಹಲೋ"ದಲ್ಲಿ ಗೊತ್ತಾಗುತ್ತಿತ್ತು ಎಂದು ಅವರೇ ಹೇಳುತ್ತಿದ್ದರು. ಸಿಂಧು ಊಟ ಬಿಟ್ಟದ್ದು ಅವರಿಗೂ ಗೊತ್ತಿತ್ತು.

ಕೇಳಿಯೇಬಿಟ್ಟೆ. ಅವರು ಕೈ ಅಡ್ಡ ಮಾಡಿ, ಔಷಧಿ ಬಿದ್ದಿದೆ, ಈಗ ಮಾತಾಡಿಸಬೇಡ ಎಂದು ಸನ್ನೆ ಮಾಡಿದರು. ಕಣ್ಣು ಬಿಟ್ಟ ಮೇಲೆ ಕಾಫಿ ಕೇಳಿದರು. ಕಾಫಿ ಕೊಟ್ಟು ಇನ್ನೊಮ್ಮೆ ಕೇಳಿದೆ; ಡಿಕಾಕ್ಷನ್ ತೆಳ್ಳಗಾಗಿದೆ ಎಂದರು. ಇವತ್ತಿಗೆ ಹನಿ ಹಾಕುವ ದಿನಗಳೂ ಮುಗಿದವು, ಕಣ್ಣು ಚೆನ್ನಾಗಿ ಕಾಣುತ್ತಿದೆಯಂತೆ, ಪೇಪರು ಅವರೇ ಓದಿಕೊಳ್ಳುತ್ತಿದ್ದಾರೆ. ನಾನು ಕೇಳಿದ್ದು ಇಷ್ಟೇ: "ಚಿಕ್ಕಮ್ಮ, ಪುಟ್ಟಮ್ಮ ಅನ್ನೋದು ಆ ಹುಡುಗಿ ಹೆಸರಲ್ಲ ಅಂತ ನಿಮಗೆ ಅವತ್ತೇ ಗೊತ್ತಿತ್ತಾ?"